ಮಗುವಿನ ಕೌದಿ, ಕೊಡಗಿನ ಮಳೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ಮಗುವಿಗೋ ನೆಂಟರ, ಗೆಳೆಯರ ಮಗುವಿಗೋ ಕೈಯಾರೆ ಕೌದಿ ಹೊಲಿಯಬೇಕೆನ್ನುವವರಿಗಾಗಿ ಈ ಪುಟ. ಬಯಲುಸೀಮೆಯ ದಪ್ಪ ಕೌದಿ ಅಲ್ಲಿನ ಬಿಸಿಲಿಗೆ ಅರ್ಧ ದಿನದಲ್ಲಿ ಒಣಗುತ್ತದೆ. ಅದೇ ಕೌದಿ ಜುಲೈ ತಿಂಗಳಲ್ಲಿ ಮಡಿಕೇರಿಯಲ್ಲೋ ಭಾಗಮಂಡಲದಲ್ಲೋ ದಿನಗಟ್ಟಲೆ ಹಗ್ಗದ ಮೇಲಿದ್ದರೂ ತೇವ ಬಿಡುವುದಿಲ್ಲ. ಮಗುವಿನ ಬಟ್ಟೆಯನ್ನಂತೂ ಒಗೆಯದೆ ಇಡುವ ಹಾಗಿಲ್ಲ. ಕೆಳಗಿನ ಹೆಚ್ಚಿನ ಉತ್ತರಗಳ ಹಿಂದೆ ಇರುವುದು ಈ ಒಂದೇ ಲೆಕ್ಕ: ಒಗೆದರೆ ಒಣಗಬೇಕು.

ಎಷ್ಟು ಅಳತೆಗೆ ಹೊಲಿಯಬೇಕು?

36 × 45 ಇಂಚು. ಮಡಿಲಲ್ಲಿಟ್ಟು ಸುತ್ತಲು, ನೆಲದ ಮೇಲೆ ಹಾಸಿ ಮಗುವನ್ನು ಬೋರಲು ಮಲಗಿಸಿ ಆಡಿಸಲು, ಮುಂದೆ ಮೂರು ವರ್ಷದವರೆಗೆ ಹೊದೆಯಲು ಸಾಕಾಗುವ ಅಳತೆ ಇದು. ಹಸುಗೂಸಿಗೆಂದೇ 30 × 30 ಹೊಲಿದರೆ ಆರು ತಿಂಗಳಿಗೆ ಗಿಡ್ಡವಾಗುತ್ತದೆ. 40 × 60ಕ್ಕೆ ಹೋದರೆ ಒದ್ದೆಯಾದಾಗ ಹಿಂಡಲು ಇಬ್ಬರು ಬೇಕು.

ಬಟ್ಟೆ ಎಷ್ಟು ತರಬೇಕು? ಲೆಕ್ಕ ಹೇಳಿ.

44 ಇಂಚು ಅಗಲದ ಬಟ್ಟೆಗೆ, ಚೌಕಗಳನ್ನು ಜೋಡಿಸುವ ಸರಳ ವಿನ್ಯಾಸಕ್ಕೆ ಲೆಕ್ಕ ಹೀಗಿದೆ.

ಮೇಲ್ಪದರಕ್ಕೆ 5 ಇಂಚಿನ 80 ಚೌಕಗಳು. ಸುತ್ತ ಕಾಲು ಇಂಚು ಹೊಲಿಗೆಗೆ ಹೋದರೆ ಪ್ರತಿ ಚೌಕ ನಾಲ್ಕೂವರೆ ಇಂಚು ಉಳಿಯುತ್ತದೆ. ಅಡ್ಡಕ್ಕೆ 8, ಉದ್ದಕ್ಕೆ 10 ಇಟ್ಟರೆ ಸರಿಯಾಗಿ 36 × 45. ಐದು ಬಣ್ಣ ಆರಿಸಿಕೊಂಡು ಪ್ರತಿ ಬಣ್ಣದಲ್ಲಿ 30 ಸೆಂ.ಮೀ. ತನ್ನಿ. ಒಂದೊಂದರಲ್ಲಿ 5 ಇಂಚಿನ ಎರಡು ಪಟ್ಟಿ, ಪಟ್ಟಿಗೆ 8 ಚೌಕ, ಅಂದರೆ 16 ಚೌಕ ಸಿಗುತ್ತದೆ. ಅಂಗಡಿಯಾತ ಕತ್ತರಿ ಓರೆಯಾಗಿ ಹಿಡಿಯುವವನಾದರೆ 35 ಸೆಂ.ಮೀ. ಕೇಳಿ.

ಹಿಂಬದಿಗೆ ಒಂದೂವರೆ ಮೀಟರ್. ಸುತ್ತ ಎರಡೆರಡು ಇಂಚು ಹೆಚ್ಚಿಟ್ಟು 40 × 49 ಕತ್ತರಿಸಬೇಕು. ಅಂಚಿನ ಪಟ್ಟಿಗೆ 40 ಸೆಂ.ಮೀ. ಸುತ್ತಳತೆ 162 ಇಂಚು, ಮೂಲೆ ಮತ್ತು ಜೋಡಣೆ ಸೇರಿ 172 ಇಂಚು ಬೇಕು. ಎರಡೂ ಕಾಲು ಇಂಚು ಅಗಲದ ಐದು ಪಟ್ಟಿ ಹಾಕಿದರೆ ಸಾಲುತ್ತದೆ. ನಾಲ್ಕು ಪಟ್ಟಿಗೆ ಮುಗಿಸಲು ಹೋದವರಿಗೆ ಕೊನೆಯಲ್ಲಿ ಒಂದು ಗೇಣು ಕಮ್ಮಿ ಬೀಳುತ್ತದೆ.

ರವಿಕೆಯ ಟೂ ಬೈ ಟೂ ಬಟ್ಟೆ ಬಳಸುವಿರಾದರೆ ಅಗಲ 36 ಇಂಚೇ ಇರುವುದು ಸಾಮಾನ್ಯ. ಆಗ ಪಟ್ಟಿಗೆ 7 ಚೌಕ ಮಾತ್ರ, ಒಗೆದಾಗ ಕುಗ್ಗಿದರೆ 6. ಹಿಂಬದಿಯನ್ನೂ ಎರಡು ತುಂಡು ಸೇರಿಸಿ ಹೊಲಿಯಬೇಕಾಗುತ್ತದೆ. ಕೊಳ್ಳುವ ಮೊದಲೇ ಟೇಪ್ ಹಿಡಿದು ಅಗಲ ನೋಡಿ.

ಯಾವ ಬಟ್ಟೆ ಒಳ್ಳೆಯದು?

ಅಪ್ಪಟ ಹತ್ತಿ: ಪಾಪ್ಲಿನ್, ಕೇಂಬ್ರಿಕ್, ಮಲ್. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲು, ಕುಶಾಲನಗರ ಎಲ್ಲಿ ಕೇಳಿದರೂ ಸಿಗುತ್ತವೆ. ‘ಕಾಟನ್’ ಎಂದು ಕೊಟ್ಟದ್ದರ ಮೇಲೆ ಅನುಮಾನವಿದ್ದರೆ ಅಂಚಿನ ಎರಡು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಹತ್ತಿ ಕಾಗದದಂತೆ ಉರಿದು ಬೂದಿ ಉದುರಿಸುತ್ತದೆ. ಪಾಲಿಯೆಸ್ಟರ್ ಬೆರೆತಿದ್ದರೆ ಕರಗಿ ಗಟ್ಟಿ ಮಣಿಯಾಗುತ್ತದೆ.

ಎಲ್ಲಕ್ಕಿಂತ ಮೆತ್ತಗಿನದು ಹತ್ತಾರು ಸಲ ಒಗೆದ ಹಳೆಯ ಹತ್ತಿ ಸೀರೆ. ಬೆಳಕಿಗೆ ಹಿಡಿದು ನೋಡಿ. ಎಳೆ ತೆಳುವಾಗಿ ಜಾಳಾದ ಜಾಗವನ್ನು ಬಿಟ್ಟು ಕತ್ತರಿಸಿ. ಎರಡೂ ಕೈಯಿಂದ ಜಗ್ಗಿದಾಗ ಚರ್ ಎಂದರೆ ಆ ಸೀರೆ ಒಳಪದರಕ್ಕೂ ಬೇಡ. ಎಲ್ಲ ಹೊಲಿದ ಮೇಲೆ ಒಳಗಿನ ಪದರ ಹರಿದರೆ ತೇಪೆ ಹಾಕಲು ದಾರಿಯಿಲ್ಲ.

ಅಜ್ಜನ ಕುಪ್ಯದ ಚೇಲೆ (ಕೊಡವರ ನಿಲುವಂಗಿಯ ಮೇಲೆ ಸೊಂಟಕ್ಕೆ ಕಟ್ಟುವ ರೇಷ್ಮೆ ಪಟ್ಟಿ), ಅಜ್ಜಿಯ ರೇಷ್ಮೆ ಸೀರೆಯ ತುಂಡು ಸೇರಿಸಬಹುದೇ?

ಆಸೆ ಅರ್ಥವಾಗುತ್ತದೆ, ಆದರೆ ಮಗು ಬಳಸುವ ಕೌದಿಗೆ ಬೇಡ. ರೇಷ್ಮೆಯ ಕೆಂಪು ಬಣ್ಣ ಮೊದಲ ಒಗೆತಕ್ಕೇ ಪಕ್ಕದ ಬಿಳಿ ಚೌಕಕ್ಕೆ ಹತ್ತಬಹುದು. ಜರಿಯ ತುದಿ ಬಿಟ್ಟುಕೊಂಡು ಎಳೆಯ ಚರ್ಮಕ್ಕೆ ಚುಚ್ಚುತ್ತದೆ. ವಾರ ವಾರ ಸೋಪಿನಲ್ಲಿ ಒಗೆದರೆ ಆ ಹಳೆಯ ರೇಷ್ಮೆ ವರ್ಷವೂ ಉಳಿಯದು. ಗೋಡೆಗೆ ತೂಗುಹಾಕುವ ಸಣ್ಣ ಕೌದಿಯೊಂದನ್ನು ಬೇರೆಯೇ ಹೊಲಿದು ಅದರಲ್ಲಿ ಸೇರಿಸಿ. ಅಜ್ಜಿಯ ನೂಲಿನ ಸೀರೆ, ಅಜ್ಜನ ಪಂಚೆ ಇದ್ದರೆ ಮಾತ್ರ ಧಾರಾಳವಾಗಿ ಬಳಸಿ.

ಹೊಸ ಬಟ್ಟೆಯನ್ನು ಒಗೆದೇ ಕತ್ತರಿಸಬೇಕೇ?

ಹೌದು, ಎರಡು ಸಲ. ಹೊಸ ಹತ್ತಿ ಬಟ್ಟೆ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುತ್ತದೆ. ಫ್ಲಾನಲ್ ಇನ್ನೂ ಹೆಚ್ಚು. ಹೊಸ ಪಾಪ್ಲಿನ್ನಿಗೆ ಹಳೆಯ ಸೀರೆ ಸೇರಿಸಿ ಹೊಲಿದು ಆಮೇಲೆ ಒಗೆದರೆ ಹೊಸದು ಕುಗ್ಗುತ್ತದೆ, ಹಳೆಯದು ಕುಗ್ಗುವುದಿಲ್ಲ. ಕೌದಿಯ ತುಂಬ ಸುಕ್ಕು. ಕಾರ್ಖಾನೆಯ ಗಂಜಿಯೂ ಈ ಒಗೆತದಲ್ಲೇ ಹೋಗುತ್ತದೆ.

ಕೆಂಪು, ಕಡುನೀಲಿ, ಕಪ್ಪು ಬಟ್ಟೆಗಳನ್ನು ಬೇರೆ ಬೇರೆ ಒಗೆಯಿರಿ. ಒಗೆದ ಮೇಲೆ ಒದ್ದೆ ತುಂಡನ್ನು ಬಿಳಿ ಬಟ್ಟೆಯ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿ. ಕಲೆ ಹತ್ತಿದರೆ ಮತ್ತೊಮ್ಮೆ ಒಗೆಯಿರಿ; ಮೂರನೇ ಸಲಕ್ಕೂ ಬಣ್ಣ ಬಿಟ್ಟರೆ ಆ ಬಟ್ಟೆಯನ್ನು ಚೀಲಕ್ಕೋ ದಿಂಬಿನ ಚೀಲಕ್ಕೋ ಬಳಸಿ. ಉಪ್ಪು, ವಿನೆಗರ್ ಹಾಕಿ ನೆನೆಸಿದರೆ ಬಣ್ಣ ಕಟ್ಟುತ್ತದೆ ಎಂಬ ಸಲಹೆಯನ್ನು ನಂಬಿ ಕೂರಬೇಡಿ. ಈಗಿನ ಕಾರ್ಖಾನೆ ಬಣ್ಣಗಳಿಗೆ ಅದು ನಾಟುವುದಿಲ್ಲ.

ಮಗು ಹುಟ್ಟುವುದು ಜುಲೈನಲ್ಲಿ. ಯಾವಾಗ ಶುರು ಮಾಡಲಿ?

ಬಟ್ಟೆ ಕೊಂಡು, ಒಗೆದು, ಒಣಗಿಸಿ, ಕತ್ತರಿಸುವ ಕೆಲಸವನ್ನು ಮೇ ತಿಂಗಳ ಒಳಗೆ ಮುಗಿಸಿ. ಹೊಲಿಗೆಯನ್ನು ಮಳೆ ಬೀಳುವಾಗ ಕೂತು ಮಾಡಬಹುದು, ಬಟ್ಟೆ ಒಣಗಿಸುವುದಾಗದು. ಇನ್ನೂ ಮುಂದಾಲೋಚನೆ ಇರುವವರು ಕಾಫಿ ಒಣಗಿಸುವ ಕಾಲದಲ್ಲೇ, ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಬಿಸಿಲಿಗೆ, ವರ್ಷಕ್ಕೆ ಬೇಕಾದ ಬಟ್ಟೆ ಒಗೆದಿಟ್ಟುಕೊಳ್ಳುತ್ತಾರೆ. ಕಣದಲ್ಲಿ ಕಾಫಿಯ ಪಕ್ಕ ಮಾತ್ರ ಹಾಸಬೇಡಿ. ಹಣ್ಣಿನ ಕಲೆ ಹೋಗುವುದಿಲ್ಲ.

ಹುಟ್ಟುವ ಮೊದಲು ಹೊಸದೇನನ್ನೂ ಮನೆಗೆ ತರಬಾರದು ಎನ್ನುವ ಮನೆಗಳಿವೆ. ಅಂಥಲ್ಲಿ ಕೌದಿ ನಿಮ್ಮಲ್ಲೇ ಇರಲಿ. ತೊಟ್ಟಿಲಿಗೆ ಹಾಕುವ ದಿನ ಒಯ್ದು ಕೊಡಿ. ಹೆಸರು ಕಸೂತಿ ಮಾಡುವುದಿದ್ದರೂ ಆಮೇಲೆ ಮಾಡುವುದೇ ಒಳ್ಳೆಯದು. ಬಾಣಂತನ ತವರಿನಲ್ಲಾದರೆ ಎಲ್ಲಿಗೆ ಒಯ್ಯಬೇಕು ಎಂದು ಮೊದಲೇ ವಿಚಾರಿಸಿಕೊಳ್ಳಿ.

ಒಳಗೆ ಏನು ತುಂಬಬೇಕು?

ಹೆಚ್ಚು ತಪ್ಪಾಗುವುದು ಇಲ್ಲೇ. ಚಳಿ ಊರು, ದಪ್ಪ ಇರಲಿ ಎಂದು ತುಂಬಿಬಿಡುತ್ತಾರೆ.

ನಮ್ಮ ಮೊದಲ ಆಯ್ಕೆ ಹಳೆಯ ಹತ್ತಿ ಸೀರೆಯ ಎರಡು ಪದರ. ಐದೂವರೆ ಮೀಟರ್ ಸೀರೆಯಲ್ಲಿ 49 ಇಂಚಿನ ನಾಲ್ಕು ತುಂಡು ಬರುತ್ತವೆ, ಅಂದರೆ ಒಂದು ಸೀರೆಯಿಂದ ಎರಡು ಕೌದಿಯ ಒಳಪದರ. ನಾಲ್ಕು ಮೀಟರ್ ಪಂಚೆಯಲ್ಲಿ ಮೂರು ತುಂಡು. ಇನ್ನಷ್ಟು ಬೆಚ್ಚಗೆ ಬೇಕಿದ್ದರೆ ಎರಡರ ಬದಲು ಒಂದು ಪದರ ಹತ್ತಿಯ ಫ್ಲಾನಲ್.

ಪಾಲಿಯೆಸ್ಟರ್ ವ್ಯಾಡಿಂಗ್ ಶೀಟ್ ಬೇಗ ಒಣಗುತ್ತದೆ, ಅದು ನಿಜ. ಚದರ ಮೀಟರಿಗೆ 80–100 ಗ್ರಾಂ ತೂಕದ್ದನ್ನಷ್ಟೇ ತನ್ನಿ. ಈ ಅಳತೆಯ ಕೌದಿಗೆ ಸುಮಾರು ನೂರು ಗ್ರಾಂ ಹಿಡಿಯುತ್ತದೆ. ಎರಡು ತೊಂದರೆಗಳಿವೆ. ಕಡಿಮೆ ದರ್ಜೆಯದಾದರೆ ಅದರ ಎಳೆ ತೆಳು ಬಟ್ಟೆಯನ್ನು ತೂರಿ ಮೀಸೆಯಂತೆ ಹೊರಗೆ ಬರುತ್ತದೆ. ಎರಡನೆಯದು ಶಾಖ: ಬಿಸಿ ಇಸ್ತ್ರಿಗೆ, ಕೆಂಡಕ್ಕೆ ಕರಗುತ್ತದೆ. ಮಗುವಿಗೆ ಸಾಂಬ್ರಾಣಿ ಹೊಗೆ ಹಿಡಿಯುವ ಮನೆಯಾದರೆ ಇದನ್ನು ಬಿಟ್ಟುಬಿಡಿ.

ಹಿಂಜಿದ ಹತ್ತಿ ಹಾಸಿಗೆಗೆ ಸರಿ, ಒಗೆಯುವ ಕೌದಿಗೆ ಅಲ್ಲ. ಎರಡನೇ ಒಗೆತಕ್ಕೆ ಮೂಲೆಯಲ್ಲಿ ಉಂಡೆ ಕಟ್ಟಿರುತ್ತದೆ. ತೋಟದಲ್ಲಿ ಸಿಗುವ ಬೂರುಗದ ಹತ್ತಿಯೂ ಬೇಡ: ಎಳೆ ನುಣುಪು, ಒಂದಕ್ಕೊಂದು ಹಿಡಿದುಕೊಳ್ಳುವುದಿಲ್ಲ, ಹೊಲಿಗೆಯ ತೂತಿನಿಂದ ಹಾರಿ ಮಗುವಿನ ಮೂಗಿಗೆ ಹೋಗುತ್ತದೆ.

ಮುಗಿದ ಕೌದಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. 400ರಿಂದ 500 ಗ್ರಾಂ ಒಳ್ಳೆಯ ತೂಕ. 600 ದಾಟಿದರೆ ಮಳೆಗಾಲದಲ್ಲಿ ಅದು ಪೆಟ್ಟಿಗೆಯಲ್ಲೇ ಇರುತ್ತದೆ. ತೂಕವನ್ನು ಬರೆದಿಟ್ಟುಕೊಳ್ಳಿ, ಒಣಗಿಸುವಾಗ ಬೇಕಾಗುತ್ತದೆ.

ಚೌಕಗಳ ಮೂಲೆ ಒಂದಕ್ಕೊಂದು ಕೂಡುವುದೇ ಇಲ್ಲ. ಏಕೆ?

ಕಾಲು ಇಂಚು ಕಾಲು ಇಂಚೇ ಆಗಿಲ್ಲ, ಅದಕ್ಕೆ. ಅಡ್ಡಸಾಲಿನಲ್ಲಿ 8 ಚೌಕ, 7 ಹೊಲಿಗೆ. ಒಂದೊಂದು ಹೊಲಿಗೆಯೂ ಒಂದೂವರೆ ಮಿ.ಮೀ. ಒಳಗೆ ಬಿದ್ದರೆ ಎರಡೂ ಕಡೆಯಿಂದ ಸೇರಿ ಮೂರು ಮಿ.ಮೀ. ಹೋಗುತ್ತದೆ, ಏಳು ಹೊಲಿಗೆಗೆ 2.1 ಸೆಂ.ಮೀ. ಒಂದು ಸಾಲು ಹೀಗೆ, ಮುಂದಿನದು ಸರಿಯಾಗಿ ಆದರೆ ಮೂಲೆ ಹೇಗೆ ಕೂಡೀತು? ಯಂತ್ರದ ತಟ್ಟೆಯ ಮೇಲೆ ಸೂಜಿಯಿಂದ ಸರಿಯಾಗಿ ಕಾಲು ಇಂಚು ದೂರಕ್ಕೆ ಟೇಪ್ ಅಂಟಿಸಿ, ಬಟ್ಟೆಯ ಅಂಚನ್ನು ಅದಕ್ಕೆ ತಾಗಿಸಿಕೊಂಡೇ ಓಡಿಸಿ.

ಇಸ್ತ್ರಿಯೂ ಮುಖ್ಯ. ಮೊದಲ ಸಾಲಿನ ಹೊಲಿಗೆಗಳನ್ನೆಲ್ಲ ಎಡಕ್ಕೆ ಮಡಚಿ ಒತ್ತಿ, ಎರಡನೆಯದನ್ನು ಬಲಕ್ಕೆ, ಮೂರನೆಯದನ್ನು ಮತ್ತೆ ಎಡಕ್ಕೆ. ಸಾಲು ಸಾಲು ಸೇರಿಸುವಾಗ ಎದುರುಬದುರಿನ ಮಡಿಕೆಗಳು ಒಂದಕ್ಕೊಂದು ಕಚ್ಚಿಕೊಂಡು ಮೂಲೆ ತಾನಾಗಿ ಕೂಡುತ್ತದೆ. ಇಸ್ತ್ರಿಯನ್ನು ಎತ್ತಿ ಇಳಿಸಿ ಒತ್ತಬೇಕು. ಎಳೆದಾಡಿದರೆ ಚೌಕ ವಜ್ರಾಕಾರವಾಗುತ್ತದೆ.

ಪದರಗಳನ್ನು ಜೋಡಿಸುವುದು ಹೇಗೆ? ಹಿಂಬದಿ ಯಾವಾಗಲೂ ಸುಕ್ಕಾಗುತ್ತದೆ.

ನೆಲ ಒರೆಸಿ ಒಣಗಿಸಿ. ಹಿಂಬದಿಯ ಬಟ್ಟೆಯನ್ನು ಒಳಮೈ ಮೇಲೆ ಬರುವಂತೆ ಹಾಸಿ, ನಾಲ್ಕೂ ಬದಿಯ ನಡುವೆ ಮೊದಲು, ಮೂಲೆಗಳಿಗೆ ಆಮೇಲೆ ಟೇಪ್ ಹಾಕಿ. ಬಟ್ಟೆ ಬಿಗಿಯಾಗಿರಬೇಕು, ರಬ್ಬರಿನಂತೆ ಎಳೆದಿರಬಾರದು. ಎಳೆದು ಅಂಟಿಸಿದ್ದು ಟೇಪ್ ಕಿತ್ತೊಡನೆ ಕುಗ್ಗಿ ಮೇಲ್ಪದರವನ್ನು ಸುಕ್ಕಾಗಿಸುತ್ತದೆ. ಅದರ ಮೇಲೆ ಒಳಪದರ, ಅದರ ಮೇಲೆ ಚೌಕದ ಮೇಲ್ಪದರ, ಒಂದೊಂದನ್ನೂ ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ.

ಇನ್ನು ಕಚ್ಚಾ ಹೊಲಿಗೆ. ನಡುವಿನಿಂದ ಶುರು ಮಾಡಿ ಅಂಚಿನ ಕಡೆಗೆ, ನಾಲ್ಕು ನಾಲ್ಕು ಇಂಚಿನ ಅಂತರದಲ್ಲಿ, ಉದ್ದಕ್ಕೂ ಅಡ್ಡಕ್ಕೂ. ಹೊಲಿಗೆ ಎರಡು ಇಂಚು ಉದ್ದ ಇದ್ದರೂ ನಡೆಯುತ್ತದೆ. ಈ ಒಂದು ಗಂಟೆಯ ಕೆಲಸವನ್ನು ಹಾರಿಸಿದವರ ಕೌದಿ ಹಿಂದೆ ತಿರುಗಿಸಿದೊಡನೆ ಗೊತ್ತಾಗುತ್ತದೆ.

ಸೇಫ್ಟಿ ಪಿನ್ ಸಾಕಲ್ಲವೇ ಎಂದು ಕೇಳುತ್ತಾರೆ. ಬೇರೆ ಊರಲ್ಲಿ ಸಾಕು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯಲ್ಲಿ ಬಿಟ್ಟ ಸಾಧಾರಣ ಪಿನ್ನು ಕೆಲವೇ ದಿನಗಳಲ್ಲಿ ತುಕ್ಕು ಹಿಡಿದು ಕಂದು ಚುಕ್ಕೆ ಬಿಡುತ್ತದೆ. ಬಿಟ್ಟರೆ ಸ್ಟೇನ್‌ಲೆಸ್ ಪಿನ್ನೇ ಆಗಬೇಕು. ಸೂಜಿಯನ್ನೂ ಕೌದಿಗೆ ಚುಚ್ಚಿ ಎದ್ದು ಹೋಗಬೇಡಿ. ಚುಕ್ಕೆ ಬಿದ್ದೇಬಿಟ್ಟರೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟು ತೊಳೆಯಿರಿ. ಬಣ್ಣದ ಬಟ್ಟೆಯಾದರೆ ಮೊದಲು ಮೂಲೆಯಲ್ಲಿ ಪರೀಕ್ಷಿಸಿ.

ಕೈಹೊಲಿಗೆಗೆ ದಾರ, ಸೂಜಿ ಯಾವುದು? ಎಷ್ಟು ಹತ್ತಿರ ಹೊಲಿಯಬೇಕು?

ಎಂಟನೇ ನಂಬರಿನ ಪರ್ಲ್ ಕಾಟನ್ ದಾರ, ಐದರಿಂದ ಏಳನೇ ನಂಬರಿನ ಕಸೂತಿ ಸೂಜಿ. ಸಾಲುಗಳ ನಡುವೆ ಒಂದೂವರೆ ಇಂಚು, ಇಂಚಿಗೆ ನಾಲ್ಕೈದು ರನ್ನಿಂಗ್ ಸ್ಟಿಚ್. ಅಂದರೆ 24 ಸಾಲು, ಸಾಲಿಗೆ 45 ಇಂಚು. ಗಂಟು, ತುದಿ ಸೇರಿ ಸುಮಾರು 36 ಮೀಟರ್ ದಾರ. ಹತ್ತು ಗ್ರಾಂ ಉಂಡೆಯಲ್ಲಿ ಸುಮಾರು 80 ಮೀಟರ್ ಇರುವುದರಿಂದ ಒಂದು ಉಂಡೆಗೆ ಎರಡು ಕೌದಿ. ದಾರವನ್ನು ಒಂದು ಮೊಳಕ್ಕಿಂತ ಹೆಚ್ಚು ಉದ್ದ ಪೋಣಿಸಬೇಡಿ, ಬಟ್ಟೆಗೆ ಉಜ್ಜಿ ಉಜ್ಜಿ ನಾರು ಬಿಡುತ್ತದೆ.

ಗಂಟನ್ನು ಮೇಲ್ಪದರದಿಂದ ಮೆಲ್ಲಗೆ ಜಗ್ಗಿ ಒಳಗೆ ಸೇರಿಸಿ. ಹಿಂಬದಿಯಲ್ಲಿ ಜೋತಾಡುವ ದಾರದ ಕುಣಿಕೆ ಇರಲೇಬಾರದು: ಅದು ಹಸುಗೂಸಿನ ಕಾಲ್ಬೆರಳಿಗೆ ಸುತ್ತಿಕೊಂಡು ರಕ್ತ ಓಡಾಡದಂತೆ ಬಿಗಿಯಬಹುದು. ಗುಂಡಿ, ಕನ್ನಡಿ, ಮಣಿ, ರಿಬ್ಬನ್, ಕುಚ್ಚು ಯಾವುದೂ ಬೇಡ.

ಯಂತ್ರದಲ್ಲಾದರೆ 14ನೇ ನಂಬರ್ ಸೂಜಿ, ಹೊಲಿಗೆಯ ಉದ್ದ 3 ಮಿ.ಮೀ. ಪ್ರತಿ ಸಾಲನ್ನೂ ಒಂದೇ ದಿಕ್ಕಿನಿಂದ ಹೊಲಿಯಿರಿ. ಒಂದು ಮೇಲಿನಿಂದ, ಇನ್ನೊಂದು ಕೆಳಗಿನಿಂದ ಹೋದರೆ ಚೌಕಗಳು ಓರೆಯಾಗಿ ಜಗ್ಗಿಕೊಳ್ಳುತ್ತವೆ.

ಹೊಲಿಗೆ ಯಂತ್ರವೇ ಇಲ್ಲ. ಸುಲಭದ ದಾರಿ ಇದೆಯೇ?

ಇದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿಯ ಕ್ರಮ. ಅದರಲ್ಲಿ ತುಂಡುಗಳನ್ನು ಮೊದಲೇ ಸೇರಿಸಿಟ್ಟುಕೊಳ್ಳುವ ಕೆಲಸವಿಲ್ಲ, ಕೊನೆಗೆ ಬೇರೆ ಅಂಚುಪಟ್ಟಿಯೂ ಇಲ್ಲ. ಹಿಂಬದಿಯ ಸೀರೆಯನ್ನು ಹಾಸಿ, ಅಂಚನ್ನು ಒಳಕ್ಕೆ ಮಡಚಿ, ಒಂದು ಮೂಲೆಯಿಂದ ಶುರು. ತುಂಡಿನ ಅಂಚು ಮಡಚುತ್ತ ಇಡುವುದು, ಎಲ್ಲ ಪದರ ಸೇರಿಸಿ ಹೊಲಿಯುವುದು, ಮುಂದಿನ ತುಂಡು ಅದರ ಮೇಲೆ ಸ್ವಲ್ಪ ಹತ್ತುವಂತೆ ಇಡುವುದು. ಅಂಚಿನ ಸುತ್ತಲೂ ಹೋಗಿ, ಸುತ್ತು ಸುತ್ತಾಗಿ ಒಳಗೆ ಬಂದು ನಡುವಿನಲ್ಲಿ ಮುಗಿಯುತ್ತದೆ. ನಾಲ್ಕು ಮೂಲೆಗೆ ಮಡಿಚಿದ ಸಣ್ಣ ತ್ರಿಕೋನದ ‘ಫುಲ’ ಇಡುವುದು ಅವರ ಪದ್ಧತಿ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬೋಳು.

ಸಾಲಿನ ಅಂತರ ಅರ್ಧ ಇಂಚಿನಷ್ಟು ಹತ್ತಿರವಿರುವುದರಿಂದ ದಾರ ಮೇಲಿನ ಲೆಕ್ಕದ ಮೂರು ಪಟ್ಟು ಬೇಕು. ಒಳಗೆ ಬರುತ್ತ ಹಿಂಬದಿ ಉಬ್ಬಿ ನಿಲ್ಲುವುದೊಂದೇ ಕಷ್ಟ. ಎರಡು ಸುತ್ತಿಗೊಮ್ಮೆ ನೆಲಕ್ಕೆ ಹಾಸಿ ಸವರಿ ನೋಡಿ.

ಅಂಚು ಹಾವಿನಂತೆ ಅಲೆಯಲೆಯಾಗುತ್ತದೆ.

ಪಟ್ಟಿಯನ್ನು ಜಗ್ಗಿ ಹೊಲಿದಿದ್ದೀರಿ, ಅಥವಾ ನೇರ ಅಂಚಿಗೆ ಕ್ರಾಸ್ ಪಟ್ಟಿ (ಎಳೆಗೆ ಓರೆಯಾಗಿ ಕತ್ತರಿಸಿದ್ದು) ಹಾಕಿದ್ದೀರಿ. ನೇರ ಅಂಚಿಗೆ ನೇರ ಎಳೆಯ ಪಟ್ಟಿಯೇ ಸಾಕು; ಮೂಲೆಗಳನ್ನು ತಟ್ಟೆ ಇಟ್ಟು ದುಂಡಗೆ ಕತ್ತರಿಸಿದ್ದರೆ ಮಾತ್ರ ಕ್ರಾಸ್ ಬೇಕು. ಎರಡೂ ಕಾಲು ಇಂಚಿನ ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಚಿ ಇಸ್ತ್ರಿ ಮಾಡಿ, ಮೇಲ್ಬದಿಯಿಂದ ಕಾಲು ಇಂಚಿಗೆ ಹೊಲಿದು, ಹಿಂದಕ್ಕೆ ತಿರುಗಿಸಿ ಕೈಯಿಂದ ಹೆಮ್ಮಿಂಗ್ ಮಾಡಿ. ಮೂಲೆಗೆ ಕಾಲು ಇಂಚು ಇರುವಾಗಲೇ ನಿಲ್ಲಿಸಿ, ಪಟ್ಟಿಯನ್ನು ಮೇಲಕ್ಕೆ ಮಡಚಿ, ಮತ್ತೆ ಕೆಳಕ್ಕೆ ಇಳಿಸಿ ಮುಂದುವರಿಸಿದರೆ ಮೂಲೆ ಚೂಪಾಗಿ ಬರುತ್ತದೆ.

ಮಗು ಮಲಗಿದಾಗ ಹೊದಿಸಬಹುದಲ್ಲವೇ? ಡಿಸೆಂಬರ್ ಚಳಿ ಇದೆ.

ಒಂದು ವರ್ಷ ತುಂಬುವವರೆಗೆ ಬೇಡ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಪರಿಷ್ಕರಿಸಿದ ಸಲಹೆಯೂ ಇದನ್ನೇ ಹೇಳುತ್ತದೆ: ಮಗುವನ್ನು ಅಂಗಾತ, ಗಟ್ಟಿಯಾದ ಸಮತಟ್ಟು ಹಾಸಿನ ಮೇಲೆ ಮಲಗಿಸಬೇಕು, ಹತ್ತಿರ ಸಡಿಲ ಹೊದಿಕೆ, ದಿಂಬು ಇರಬಾರದು. ಹೊದಿಕೆ ಮುಖದ ಮೇಲೆ ಬಂದರೆ ಸರಿಸಿಕೊಳ್ಳುವ ಶಕ್ತಿ ಅದಕ್ಕಿರುವುದಿಲ್ಲ. ಸೀರೆಯ ಜೋಲಿಯೊಳಗೆ ಮಡಚಿದ ಕೌದಿ ಇಡುವುದೂ ಅಪಾಯ. ಚಳಿಗೆ ಮಗುವಿಗೆ ಇನ್ನೊಂದು ಅಂಗಿ ತೊಡಿಸಿ. ಎದೆ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಸಾಕು, ಕೈಕಾಲು ತಣ್ಣಗಿರುವುದು ಲೆಕ್ಕಕ್ಕಿಲ್ಲ. ಅಜ್ಜಿಯಂದಿರು ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ. ಕೌದಿ ಕೊಡುವಾಗ ನೀವೇ ಹೇಳಿಬಿಡಿ, ಬಾಣಂತಿಯ ಮೇಲೆ ಆ ಭಾರ ಹಾಕಬೇಡಿ.

ಮಳೆಗಾಲದಲ್ಲಿ ಒಗೆದು ಒಣಗಿಸುವುದು ಹೇಗೆ?

ಹಾಲು ಕಕ್ಕಿದ್ದು, ಉಚ್ಚೆ ಹೊಯ್ದದ್ದು ಆದರೆ ಮೊದಲು ತಣ್ಣೀರು. ನೇರ ಬಿಸಿನೀರಿಗೆ ಹಾಕಿದರೆ ಹಾಲಿನ ಕಲೆ ಕಚ್ಚಿಕೊಳ್ಳುತ್ತದೆ. ಎಣ್ಣೆ ಸ್ನಾನದ ಕೊಬ್ಬರಿ ಎಣ್ಣೆ ತಾಗಿದ್ದರೆ ಒಣಬಟ್ಟೆಗೇ ಸೋಪು ಉಜ್ಜಿ ಹತ್ತು ನಿಮಿಷ ಬಿಟ್ಟು ಒಗೆಯಿರಿ. ಯಂತ್ರದಲ್ಲಿ 30–40 ಡಿಗ್ರಿ ನೀರು, ಸೋಪು ಅರ್ಧಕ್ಕರ್ಧ ಕಮ್ಮಿ, ಕಂಫರ್ಟ್‌ನಂಥ ಕಂಡಿಷನರ್ ಬೇಡ. ಬಟ್ಟೆ ನೀರು ಹೀರುವ ಗುಣ ಕಳೆದುಕೊಳ್ಳುತ್ತದೆ.

ಹಿಂಡಿದ ಮೇಲೆ ಒಂದು ಹಗ್ಗಕ್ಕೆ ಇಬ್ಭಾಗವಾಗಿ ಜೋತುಹಾಕಬೇಡಿ, ಒಳಮುಖಗಳು ಅಂಟಿಕೊಂಡು ಅಲ್ಲೇ ಮುಗ್ಗಲು ವಾಸನೆ ಹುಟ್ಟುತ್ತದೆ. ಒಂದು ಅಡಿ ಅಂತರದ ಎರಡು ಹಗ್ಗದ ಮೇಲೆ ಚಪ್ಪರದಂತೆ ಹಾಸಿ, ಕೆಳಗಿನಿಂದ ಫ್ಯಾನ್ ಬಿಡಿ, ಮೂರು ನಾಲ್ಕು ಗಂಟೆಗೊಮ್ಮೆ ಮಗುಚಿ. ಬಚ್ಚಲೊಲೆಯ ಮೇಲೆ ಹಾಕಿದರೆ ಬೇಗ ಒಣಗುತ್ತದೆ, ಆದರೆ ಹೊಗೆ ವಾಸನೆ ಮುಂದಿನ ಒಗೆತದ ತನಕ ಹೋಗದು.

ಮುಟ್ಟಿ ನೋಡಿದರೆ ತಣ್ಣಗಿನ ಬಟ್ಟೆಗೂ ಒದ್ದೆ ಬಟ್ಟೆಗೂ ಇಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ತೂಗಿ. ಬರೆದಿಟ್ಟ ತೂಕ 430 ಗ್ರಾಂ ಇದ್ದು ಈಗ 450ರ ಒಳಗೆ ಬಂದಿದ್ದರೆ ಒಣಗಿದೆ; ಗಾಳಿಯ ತೇವವನ್ನು ಹತ್ತಿ ಅಷ್ಟು ಹೀರಿಯೇ ಹೀರುತ್ತದೆ. 480 ಎಂದರೆ ಇನ್ನೊಂದು ರಾತ್ರಿ ಫ್ಯಾನ್ ಕೆಳಗಿರಲಿ.

ಎತ್ತಿಡುವಾಗ ನುಸಿಗುಳಿಗೆ ಹಾಕಬಹುದೇ?

ಬೇಡವೇ ಬೇಡ. ಅದರಲ್ಲಿರುವ ನ್ಯಾಫ್ತಲೀನ್ ಕೆಲವು ಹಸುಗೂಸುಗಳಲ್ಲಿ, ಮುಖ್ಯವಾಗಿ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವುಗಳಲ್ಲಿ, ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ಗುಳಿಗೆ ಹಾಕಿಟ್ಟಿದ್ದ ಹಳೆಯ ಸೀರೆಯಲ್ಲಿ ಕೌದಿ ಹೊಲಿಯುವುದಾದರೆ ಒಗೆದು, ವಾಸನೆ ಪೂರ್ತಿ ಹೋಗುವ ತನಕ ಬಿಸಿಲಿಗೆ ಹಾಕಿ. ಕೌದಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಯೂ ಇಡಬೇಡಿ, ತೇವ ಒಳಗೇ ಉಳಿದು ಬೂಷ್ಟು ಬರುತ್ತದೆ. ಹಳೆಯ ಪಂಚೆಯಲ್ಲಿ ಸುತ್ತಿ, ಗೋಡೆಗೆ ತಾಗದಂತೆ ಇಡಿ.

ಬೂಷ್ಟು ಬಂದೇಬಿಟ್ಟಿದೆ. ಹೋಗುತ್ತದೆಯೇ?

ಬಿಳಿ ಪುಡಿಯಂತಿದ್ದರೆ ಹೊರಗೆ ಕೊಡವಿ, ಒಗೆದು, ಬಿಸಿಲು ಕಂಡ ದಿನ ಎರಡೂ ಬದಿ ಒಣಗಿಸಿ. ಕಪ್ಪು ಚುಕ್ಕೆಗಳಾಗಿ ಎಳೆಯೊಳಗೆ ಇಳಿದಿದ್ದರೆ ಕಲೆ ಪೂರ್ತಿ ಹೋಗುವುದು ಅಪರೂಪ. ಮೇಲಿನ ಒಂದೆರಡು ಚೌಕಗಳಲ್ಲಷ್ಟೇ ಇದ್ದರೆ ಅವುಗಳ ಮೇಲೆ ಹೊಸ ಚೌಕವನ್ನು, ಅಂಚು ಮಡಚಿ, ಎಲ್ಲ ಪದರ ಸೇರಿಸಿ ಹೊಲಿಯಿರಿ. ಹಿಂಬದಿಯ ತುಂಬ ಹರಡಿದ್ದರೆ ಮಗುವಿಗೆ ಬಳಸಬೇಡಿ. ಮೇಲ್ಪದರ ಬಿಡಿಸಿಕೊಂಡು ಹೊಸ ಹಿಂಬದಿ ಹಾಕುವುದು ಎರಡು ದಿನದ ಕೆಲಸ, ಆದರೆ ಚೌಕಗಳು ಉಳಿಯುತ್ತವೆ.